ಗಡ್ಡದ ಲೆಕ್ಕ

ಮೊದಲು ಗೊತ್ತಾದದ್ದು ಗುಲ್ ಜಮಾನನಿಗೆ.
ಸೊಹಾರಿನ ಮೀನುಪೇಟೆಯ ಹಿಂದೆ ಎರಡೇ ಕುರ್ಚಿಯ ಅಂಗಡಿ,
ಪೇಶಾವರದ ಕಡೆಯವ, ಕತ್ತಿ ಹಿಡಿದರೆ ಮಾತಿಲ್ಲ.
ಆ ಗುರುವಾರ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ,
"ನೀನು ಬಂದು ಮೂರು ವಾರ ಆಯ್ತು ಭಾಯ್,
ಮೂರು ದಿನದ್ದೂ ಇಲ್ಲ ಇಲ್ಲಿ" ಎಂದ.

ನಕ್ಕೆ. ರಿಯಾಲ್ ಉಳಿಯಿತು ಬಿಡು ಅಂದೆ.

ಹಾಗೆ ಏನೇನೋ ಉಳಿಯುತ್ತಿತ್ತು.
ಎಸಿ ಹದಿನೆಂಟಕ್ಕಿಳಿದರೂ ನಡುರಾತ್ರಿ ನನಗೆ ಬೆವರು,
ಮೇಲಿನ ಮಂಚದ ಬಿಹಾರದ ಹುಡುಗ
ಎರಡು ಕಂಬಳಿ ಹೊದ್ದು ಬೈಯುತ್ತಿದ್ದ.
ಎರಡನೇ ಮಹಡಿಗೇ ತೊಡೆ ನಡುಕ.
ರೂಮಿನ ಪೋಲಿ ಮಾತಿಗೆ
ಭಾಷೆ ಬಾರದ ಸಿನಿಮಾ ನೋಡುವವನ ಹಾಗೆ
ಬೇರೆಯವರು ನಕ್ಕಲ್ಲಿ ನಗುತ್ತಿದ್ದೆ.

ವಯಸ್ಸು ಅಂದುಕೊಂಡೆ, ನಲವತ್ತೊಂದು.
ಬಿಸಿಲು ಅಂದುಕೊಂಡೆ.
ಮಾತ್ರೆಯ ಮೇಲೆ ಅನುಮಾನ ಬರಲಿಲ್ಲ.
ನಾಲ್ಕು ವರ್ಷದ ಹಿಂದೆ ಏಣಿಯಿಂದ ಬಿದ್ದವನನ್ನು
ಬೆಳಿಗ್ಗೆ ಒಂದು, ರಾತ್ರಿ ಒಂದು, ಆಮೇಲೆ ನಡುವೆಯೂ ಒಂದಾಗಿ
ಎಬ್ಬಿಸಿ, ಬೂಟು ಹಾಕಿಸಿ, ಬಸ್ಸು ಹತ್ತಿಸಿದ್ದು ಅದು.
ದೇವರನ್ನಾದರೂ ಅನುಮಾನಿಸಬಹುದು,
ಸಂಬಳ ಕೊಡಿಸುವವನನ್ನು ಹೇಗೆ?

ಹೋದ ರಜೆಗೆ ಜಲಜ
ಕಿರುಗುಟ್ಟುವ ಮಂಚದ ಕಾಲಿಗೆ
ಆಚಾರಿ ಕರೆಸಿ ಬೆಣೆ ಹೊಡೆಸಿಟ್ಟಿದ್ದಳು.
ಐವತ್ತು ರಾತ್ರಿ ಮಂಚ ಸದ್ದು ಮಾಡಲಿಲ್ಲ;
ಬೆಣೆಯ ತಪ್ಪಲ್ಲ.
ಮೊದಲ ವಾರ ಬೆನ್ನಿಗೆ ಎಣ್ಣೆ ತಿಕ್ಕಿದಳು.
ಆಮೇಲೆ ಎಣ್ಣೆಯ ಕುಪ್ಪಿಯನ್ನು
ನನ್ನ ಬದಿಗಿಟ್ಟು ಮಲಗಿದಳು.
ಹೊರಡುವ ದಿನ ಒಣಮೀನಿನ ಪೊಟ್ಟಣಕ್ಕೆ ಟೇಪು ಸುತ್ತುತ್ತ,
ಮುಖ ನೋಡದೆ ಕೇಳಿದಳು:
"ಅಲ್ಲ್ ಯಾರಾರೂ ಇದ್ರಾ?"

ಇಲ್ಲ ಅಂದೆ.
ನಿಜ ಹೇಳಿದವನ ದನಿ ಅಷ್ಟು ಸುಳ್ಳಾಗಿರಬಾರದಿತ್ತು.

ಕ್ಯಾಂಪಿನ ಕ್ಲಿನಿಕ್ಕಿಗೆ ಹೊಸಬಳು ಬಂದಳು, ಡಾಕ್ಟರ್ ಶೀಬಾ ವರ್ಗೀಸ್.
ಹಳೆಯವರ ಹಾಗೆ ಸಹಿ ಹಾಕಿ ಕಳಿಸದೆ
ನಾಲ್ಕು ವರ್ಷದ ಚೀಟಿಗಳನ್ನು ಹಿಂದಕ್ಕೆ ಹಿಂದಕ್ಕೆ ಮಗುಚಿದಳು.
ಬೆವರು ಕೇಳಿದಳು, ನಿದ್ದೆ ಕೇಳಿದಳು.
"ಮತ್ತೆ ಹೆಂಡತಿ ಜೊತೆ..." ಎಂದು ನಿಲ್ಲಿಸಿದಳು.
ಕ್ಯಾಲೆಂಡರಿನ ಒಂಟೆ ನೋಡುತ್ತ ತಲೆಯಾಡಿಸಿದೆ.

ಬೆಳಿಗ್ಗೆ ಎಂಟಕ್ಕೇ ರಕ್ತ ಕೊಡಬೇಕಂತೆ, ಎರಡು ದಿನ.
"ಬಸವಾ! ಬಸವಾ!" ನರ್ಸು ಕೂಗಿದಳು.
ಊರಲ್ಲಿ ಆ ಹೆಸರಿಗೆ ಕೊಂಬಿದೆ, ಹಿಣಿಲಿದೆ.
ಎದ್ದು ಹೋಗಿ ತೋಳು ಚಾಚಿದೆ.

ನಾಲ್ಕೂವರೆ ಬಂತು. ಹತ್ತರ ಮೇಲಿರಬೇಕಿತ್ತಂತೆ.
ಚೀಟಿಯ ಬೆನ್ನಿಗೆ ತಲೆ ಬರೆದಳು, ತಲೆಯೊಳಗೆ ಕಡಲೆಕಾಳು,
ಅಲ್ಲಿಂದ ಕೆಳಕ್ಕೆ ಒಂದು ಬಾಣ. ಬಾಣಕ್ಕೆ ಅಡ್ಡಗೆರೆ.
ದೋಣಿಯಲ್ಲಿ ಬೆಳೆದವನು, ನನಗೆ ತಿಳಿಯಿತು:
ಬಲೆ ಹರಿದಿಲ್ಲ, ಎಳೆಯುವವರಿಗೂ ಏನಾಗಿಲ್ಲ,
ತಂಡೇಲನಿಗೆ ಯಾರೋ ಮದ್ದು ಕುಡಿಸಿದ್ದಾರೆ.
ಅವನು ಕೂಗುವುದಿಲ್ಲ,
ಇವರು ಹಗ್ಗದ ಮೇಲೆ ಕೈಯಿಟ್ಟು ಕೂತೇ ಇದ್ದಾರೆ
ನಾಲ್ಕು ವರ್ಷ.

"ಒಮ್ಮೆಲೇ ಬಿಡಬೇಡ, ಇನ್ನೂ ಕೆಡುತ್ತದೆ" ಎಂದಳು.
"ಸ್ವಲ್ಪ ಸ್ವಲ್ಪ ಇಳಿಸೋಣ. ನೋವು ಬರುತ್ತದೆ, ಬಂದು ಹೇಳು.
ತಂಡೇಲ ಏಳದಿದ್ದರೆ ಬೇರೆ ದಾರಿ ಇದೆ."
ಇಲ್ಲ, ತಂಡೇಲ ಅಂದದ್ದು ನಾನು.

ಆ ರಾತ್ರಿ ಟ್ಯಾಂಕರುಗಳ ಸಾಲಿನ ಹಿಂದೆ ನಿಂತು
ಜಲಜಳಿಗೆ ದನಿ ಕಳಿಸಿದೆ,
ಅಳಿಸಿ, ಮತ್ತೆ, ಅಳಿಸಿ, ಐದನೆಯ ಸಲಕ್ಕೆ.
ಎರಡು ಗೆರೆ ನೀಲಿಯಾದವು.
ಇಪ್ಪತ್ತು ನಿಮಿಷ ಏನೂ ಇಲ್ಲ.
ಆಮೇಲೆ ಅವಳ ದನಿ, ಮೂಗು ಕಟ್ಟಿದ್ದು:
"ಆ ಗುಳ್ಗಿ ಹೆಸ್ರೆಂತ? ಇಷ್ಟ್ ದಿನ
ಯಾವಳ್ದೋ ಹೆಸ್ರ್ ಹುಡ್ಕಿ ಸಾಯ್ತಿದ್ದೆ ನಾನ್."
ಮೊಬೈಲಿನ ಬೆಳಕಿಗೆ ಹಾಳೆ ಹಿಡಿದು
ಒಂದೊಂದೇ ಅಕ್ಷರ ಓದಿ ಹೇಳಿದೆ.

ಈಗ ನಡುವಿನ ಮಾತ್ರೆ ಇಲ್ಲ.
ಮಧ್ಯಾಹ್ನ ಮೂರಕ್ಕೆ ಬೆನ್ನು ನನ್ನ ಪೂರ್ತಿ ಹೆಸರು ಹಿಡಿದು ಕರೆಯುತ್ತದೆ.
ಗುರುವಾರ ಗುಲ್ ಜಮಾನ್ ಕೆನ್ನೆಯ ಮೇಲೆ
ಹಿಂಗೈ ಎಳೆದು ನೋಡಿದ.
"ಇನ್ನೂ ಇಲ್ಲ" ಎಂದ.
ಆದರೂ ನೊರೆ ಹಚ್ಚಿದ.