ಪುಟ ನೂರ ಹದಿನಾಲ್ಕು

ಔಷಧಿ ಅಂಗಡಿಯ ಖಾತುನಾ ಕೊಟ್ಟಳು, "ಓದು ತ್ಸಿಯಾಲಾ,
ನಮ್ಮ ಕಟ್ಟಡದ್ದೇ ಕಾದಂಬರಿ, ಎಲ್ಲ ಇದ್ದ ಹಾಗೇ ಇದೆ."
ಭಾನುವಾರದೊಳಗೆ ವಾಪಸು ಬೇಕಂತೆ,
ಸಾಲಿನಲ್ಲಿ ಇನ್ನೂ ನಾಲ್ವರಿದ್ದಾರೆ.

ನಾನು ಲಿಫ್ಟಿನವಳು.
ಹತ್ತು ತೇತ್ರಿಯ ನಾಣ್ಯ ನುಂಗಿ ಮೇಲೇರುವ ಪೆಟ್ಟಿಗೆಯ ಬೀಗದ ಕೈ
ಇಪ್ಪತ್ತೈದು ವರ್ಷದಿಂದ ನನ್ನ ಸೊಂಟದಲ್ಲಿ.
ಕೂರಲು ಗೂಡಿದೆ, ಬಲ್ಬಿದೆ, ಕಾಲಿಗೆ ಹೀಟರ್ ಇದೆ.
ಮೊದಲು ನನ್ನನ್ನೇ ಹುಡುಕಿದೆ. ಯಾರು ಹುಡುಕುವುದಿಲ್ಲ ಹೇಳಿ?
ಮೂವತ್ತೆರಡನೆಯ ಪುಟದಲ್ಲಿ ಸಿಕ್ಕೆ, ಒಂದು ವಾಕ್ಯದ ಬಾಲದಲ್ಲಿ:
"ಚಿಲ್ಲರೆ ಎಣಿಸುವ ಹೆಂಗಸು ತಲೆ ಎತ್ತಲಿಲ್ಲ."
ಸರಿಯೇ. ಎತ್ತಿದ್ದರೆ ಲೆಕ್ಕ ತಪ್ಪುತ್ತಿತ್ತು.

ಬರೆದವಳು ತೆಕ್ಲೆ, ಹನ್ನೊಂದನೆಯ ಮಹಡಿಯ ಲಾಮಾರಾ ಮಗಳು,
ಸದಾ ಮೂಗು ಸೋರುತ್ತಿದ್ದ ಹುಡುಗಿ. ಈಗ ವಾಕೆಯಲ್ಲಿ ಮನೆ.
ತಪ್ಪುಗಳಿವೆ. ಬ್ಲಾಕಿನಿಂದ ಬ್ಲಾಕಿಗೆ ಆಕಾಶದಲ್ಲಿ ಚಾಚಿದ ಸೇತುವೆಗೆ
ಹಸಿರು ಬಳಿದಿದ್ದಾಳೆ. ಅದು ಹುಟ್ಟಿದ ಮೇಲೆ ಬಣ್ಣವನ್ನೇ ಕಂಡಿಲ್ಲ.
ಆದರೆ ಸೀಮೆಎಣ್ಣೆ ವಾಸನೆ
ಬ್ರೆಡ್ಡಿಗೂ ತಲೆಗೂದಲಿಗೂ ಒಂದೇ ಸಮ ಹತ್ತಿದ್ದು ನಿಜ.
ರಾತ್ರಿ ಎರಡಕ್ಕೆ ಕರೆಂಟು ಬಂದರೆ
ಇಡೀ ಕಟ್ಟಡ ಎದ್ದು ಬಟ್ಟೆ ಒಗೆಯುತ್ತಿದ್ದದ್ದು ನಿಜ.

ಎಂಟನೆಯ ಮಹಡಿಯ ತಿರುವಿನಲ್ಲಿ ಗೋಡೆಗಾದ ಗಾಯ
ಬಂದೂಕಿನ ಗುಂಡಿನದಂತೆ!
ನಕ್ಕೆ, ಗೂಡಿನಲ್ಲಿ ಒಬ್ಬಳೇ.
ಆಮೇಲೆ ನಗು ನಿಂತಿತು.

ಪುಟ ನೂರ ಹದಿನಾಲ್ಕು:
"ಆ ಚಳಿಗಾಲ ಎರಡು ಚೀಲ ಹಿಟ್ಟಿಗೆ
ಯಾರೋ ನಮ್ಮ ಪಿಯಾನೋ ಒಯ್ದರು.
ಅಮ್ಮ ಬಾಗಿಲಲ್ಲಿ ನಿಂತು, ಮೆಲ್ಲಗೆ, ಮೆಲ್ಲಗೆ, ಅಂದಳು."

ಯಾರೋ.

ನನ್ನ ಗಂಡ ಅವ್ತಾಂದಿಲ್ ರೊಟ್ಟಿ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ.
ಊರು ಹಸಿದಿದ್ದಾಗ ನಮ್ಮ ಮಂಚದಡಿ ಹಿಟ್ಟಿತ್ತು.
ಮಗಳು ಕಲಿಯಲಿ ಎಂದೆ.
ಲಿಫ್ಟು ಸತ್ತಿತ್ತು. ನಾಲ್ಕು ಗಂಡಸರು, ಒಂದು ಮೇಣದ ಬತ್ತಿ,
ಪ್ರತಿ ತಿರುವಿನಲ್ಲೂ ಪಿಯಾನೋ ಒಳಗೊಳಗೇ ನರಳಿತು,
ಎಂಟರಲ್ಲಿ ಅದರ ಮೂಲೆ ಗೋಡೆಗೆ ಬಡಿದು ಗಾರೆ ಉದುರಿತು.

ಮಾತಾಗಿದ್ದು ಎರಡು ಚೀಲ.
ಕೊಟ್ಟದ್ದು ಒಂದೂವರೆ.
ಉಳಿದರ್ಧ ಬರುವ ವಾರ ಎಂದೆ.
ಆ ವಾರ ಬರಲೇ ಇಲ್ಲ.

ಲಾಮಾರಾ ಕೇಳಲಿಲ್ಲ.
ಹದಿನೇಳು ವರ್ಷ ಈ ಗೂಡಿನ ಮುಂದೆ ಹಾದಳು,
ಗಮಾರ್ಜೋಬಾ ಎಂದಳು, ನಾಣ್ಯ ಹಾಕಿದಳು, ಮೇಲೇರಿದಳು.
ಕೊನೆಗೆ ಮೆಟ್ಟಿಲಲ್ಲೇ ಇಳಿದಳು, ನಾಲ್ವರ ಹೆಗಲ ಮೇಲೆ.
ಈ ಲಿಫ್ಟಿಗೆ ಶವಪೆಟ್ಟಿಗೆ ಹಿಡಿಸುವುದಿಲ್ಲ.

ಮಗಳಿಗೆ ಎರಡೆಂದೇ ಹೇಳಿಟ್ಟಿದ್ದಾಳೆ.
ಮೋಸ ಹೋದೆನೆನ್ನಲು ನಾಚಿಕೆಯೋ,
ನನ್ನ ಹೆಸರು ಆ ಮನೆಯಲ್ಲಿ 'ಯಾರೋ' ಆಗಿಯೇ ಉಳಿಯಲೆಂದೋ,
ಇಲ್ಲ, ತನ್ನ ಪಿಯಾನೋ ಒಂದೂವರೆ ಚೀಲದ್ದಲ್ಲ ಎಂಬ ಹಟವೋ.
ಪುಸ್ತಕದಲ್ಲಿಲ್ಲ. ನಾಲ್ಕು ಸಲ ತಿರುವಿ ಹಾಕಿದೆ.

ನೆಸ್ತಾನ್ ಮೂರು ತಿಂಗಳು ಕುಟ್ಟಿದಳು, ಬಿಟ್ಟಳು.
ಈಗ ಅದರ ಮೇಲೆ ತ್ಕೆಮಲಿಯ ಶೀಸೆಗಳು,
ಹುಳಿ ಪ್ಲಮ್ಮಿನ ಗೊಜ್ಜು, ಹೋದ ವರ್ಷದ್ದೂ ಇದೆ.
ಪಕ್ಕದಲ್ಲಿ ಜೋರಾಗಿ ನಡೆದರೆ ಒಂದು ತಂತಿ ಈಗಲೂ ಗುಂಯ್‌ಗುಡುತ್ತದೆ.

ಶನಿವಾರ ರಾತ್ರಿ ಪೆನ್ಸಿಲು ತೆಗೆದು ಅಂಚಿನಲ್ಲಿ
ಇರುವೆಯಷ್ಟು ಅಕ್ಷರದಲ್ಲಿ ಬರೆದೆ: ಒಂದೂವರೆ.
ಅಳಿಸಿದೆ. ಉಜ್ಜಿ ಉಜ್ಜಿ
ಕಾಗದ ಸವೆದು, ಹಿಂದಿನ ಪುಟದ ಅಕ್ಷರವೊಂದು
ತಿರುಗುಮುರುಗಾಗಿ ಇಣುಕಿತು.
ಇನ್ನು ನಾಲ್ವರು ಓದಬೇಕು. ಕಂಡರೆ ಕಾಣಲಿ.

"ಹೇಗಿದೆ?" ಎಂದಳು ಖಾತುನಾ.
ಎಲ್ಲ ಸರಿ, ಎಂಟನೆಯ ಮಹಡಿಯ ಗುಂಡೊಂದು ಸುಳ್ಳು, ಎಂದೆ.
"ಹೌದಾ? ಮತ್ತೆ ಆ ಗಾಯ ಯಾತರದ್ದು?"

ಅಷ್ಟರಲ್ಲಿ ಯಾರೋ ಬಂದರು, ನಾಣ್ಯ ಬಿತ್ತು, ಲಿಫ್ಟು ಹೊರಟಿತು.
ನಾನು ಪೆಟ್ಟಿಗೆ ತೆರೆದು
ಚಿಲ್ಲರೆ ಎಣಿಸಲು ಕೂತೆ.