ಚಿಲ್ಲರೆ ಬಾಕಿ

ಬೋರಲಿಂಗು ಡಬ್ಬಿ ಕೊಟ್ಟಾಗ ನನಗೆ ಗುರುತೇ ಹತ್ತಲಿಲ್ಲ.
ಖಾಕಿ ಇರಲಿಲ್ಲ, ಹೆಗಲಲ್ಲಿ ಚರ್ಮದ ಚೀಲವಿರಲಿಲ್ಲ,
ಕಿವಿಗೆ ಸಿಕ್ಕಿಸಿದ ಪೆನ್ನು ಮಾತ್ರ ಇತ್ತು.
'ಧೂಳು ಕಣಕ್ಕ. ಕಬ್ಬಿನ ಲಾರಿ ಹಿಂದೆ
ಹೋಗಿ ಹೋಗಿ ಹಿಂಗಾಯ್ತು. ಬರೇ ಧೂಳು.'

ಪಾಂಡವಪುರದ ಆಸ್ಪತ್ರೆಯಲ್ಲಿ ನನ್ನ ಕೋಣೆ
ಶವಾಗಾರಕ್ಕೂ ಸೈಕಲ್ ಸ್ಟ್ಯಾಂಡಿಗೂ ನಡುವೆ.
ಕಫವನ್ನು ಗಾಜಿನ ಮೇಲೆ ಹರಡುತ್ತೇನೆ,
ರಂಗೋಲಿಯ ಎಳೆ ಕೂಡಿಸುವಷ್ಟು ಹುಷಾರಾಗಿ.
ಕೆಂಪು ಸುರಿದು, ಕೆಳಗೆ ದೀಪ ಹಿಡಿದು,
ಹಬೆ ಏಳಬೇಕು, ಕುದಿಯಬಾರದು.
ಆಮೇಲೆ ಆಸಿಡ್ಡು. ಆಸಿಡ್ಡಿಗೆ ಎಲ್ಲವೂ ಬಣ್ಣ ಬಿಡುತ್ತವೆ,
ಒಂದು ಕುಲ ಬಿಟ್ಟು.
ಮೈತುಂಬ ಮೇಣ ಸವರಿಕೊಂಡ ಹಠಮಾರಿ ಅದು,
ಒಮ್ಮೆ ಹಿಡಿದ ಕೆಂಪನ್ನು ಕೊಡುವುದಿಲ್ಲ.
ಕೊನೆಗೆ ನೀಲಿ.

ಎಣ್ಣೆಯ ಹನಿಯೊಳಗೆ ಕಣ್ಣಿಟ್ಟೆ.
ನೀಲಿ ಬಯಲಲ್ಲಿ ಕೆಂಪು ಕಡ್ಡಿಗಳು.
ಒಂದು, ಮೂರು, ಒತ್ತಾಗಿ ಏಳು,
ಊದುಬತ್ತಿ ಮುರಿದು ಚೆಲ್ಲಿದ ಹಾಗೆ.
ಎಣಿಸುವುದು ನನ್ನ ಕೆಲಸ; ಎಣಿಸಿದೆ.
ಧೂಳಲ್ಲ, ಬೋರಲಿಂಗು.

ಆಗ ನೆನಪಾಯಿತು.
ಮಂಡ್ಯದಿಂದ ಎಂಟೂ ಕಾಲರ ಬಸ್ಸು,
ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಟಿಕೆಟ್ಟು ಹರಿದು
ಹಿಂಬದಿಯಲ್ಲಿ ಬಾಕಿ ಬರೆದು ಸುತ್ತು ಹಾಕುತ್ತಿದ್ದವನು.
'ಚಿಲ್ಲರೆ ಇಲ್ಲ, ಇಳಿಯೋವಾಗ ಇಸ್ಕೊಳಿ.'
ಇಳಿಯುವಾಗ ಮರೆಯುತ್ತಿದ್ದೆವು, ಅವನೂ ನಾವೂ.

ಸುದ್ದಿ ನನ್ನಿಂದ ಹೋಗಲಿಲ್ಲ, ಆದರೂ ಹೋಯಿತು.
ಆ ಹೆಬ್ಬೆರಳದೇ ತಪ್ಪು ಎಂದಿತು ಊರು.
ಅವನ ತಟ್ಟೆ ಹಿತ್ತಲ ಕಲ್ಲಿನ ಮೇಲೆ ಬೇರೆಯಾಯಿತು.
ಎಂಜಲಲ್ಲ, ತಟ್ಟೆಯಲ್ಲ,
ಮುಟ್ಟಿದರೆ ಬರುವುದಲ್ಲ ಇದು, ಎಷ್ಟು ಹೇಳಿದೆ.
ಮಳೆ ಬಂದಾಗ ಬಸ್ಸಿನ ಶಟರು ಇಳಿಸಿ
ಎಂಬತ್ತು ಜನ ಒಂದೇ ಉಸಿರನ್ನು
ಎದೆಯಿಂದ ಎದೆಗೆ ದಾಟಿಸುತ್ತ ಕೂತಿರುತ್ತೇವಲ್ಲ,
ಅಲ್ಲಿ ಹತ್ತುತ್ತದೆ, ಟಿಕೆಟ್ಟಿಲ್ಲದೆ.
ಕಿಟಕಿ ತೆಗೆದರೆ ಬಹುಪಾಲು ಇಳಿದು ಹೋಗುತ್ತದೆ.

ನಾನು ಕೆಲಸಕ್ಕೆ ಸೇರಿದ ವರ್ಷ ಮುಂಗೈಗೆ ಸೂಜಿ ಚುಚ್ಚಿದ್ದರು.
ಮೂರನೇ ದಿನ ಹುಣಿಸೆ ಬೀಜದಂತೆ ಗಟ್ಟಿಯಾಗಿ ಊದಿತ್ತು.
ಡಾಕ್ಟರು ಸ್ಕೇಲಿಟ್ಟು ಅಳೆದು,
'ಒಳಗಿದೆ, ಮಲಗಿದೆ, ಇರಲಿ' ಎಂದರು.
ಇಪ್ಪತ್ತೆರಡು ವರ್ಷದಿಂದ ಮಲಗಿದೆ.
ಯಾವ ಬಸ್ಸಿನಲ್ಲಿ ಹತ್ತಿತೋ, ಯಾರ ಕೆಮ್ಮೋ,
ಬಾಡಿಗೆ ಕೇಳಿಲ್ಲ ನಾನು.
ಎದೆಯ ಯಾವುದೋ ಮೂಲೆಯಲ್ಲಿ ಮೈಯೇ ಕಟ್ಟಿದ
ಪುಟ್ಟ ಗೋಡೆಯೊಳಗೆ ಅದು, ಹೊರಗೆ ಕಾವಲು.

ಮಿಕ್ಕವರದು ಹೇಳಿ ಮುಗಿಯದು.
ಹಲ್ಲಿನ ಸಂದಿಯವರು, ಕಂಕುಳಿನವರು,
ಕರುಳಿನಲ್ಲಿ ತಲೆಮಾರುಗಳಿಂದ ಒಕ್ಕಲು ಕೂತವರು,
ಹುರುಳಿ ಸಾರುಂಡ ರಾತ್ರಿ ಹೊಟ್ಟೆಯಲ್ಲಿ ಗುಡುಗುವವರು.
ಅವ್ವ ಹೆರುವಾಗಲೇ ಕೈಗೆಟುಕಿದಷ್ಟು ಕೊಟ್ಟು ಕಳಿಸಿದ್ದಳು,
ಮನೆ ಬದಲಿಸಿ ಬಂದವಳಿಗೆ ಪಕ್ಕದವರು
ಒಂದು ಲೋಟ ಹೆಪ್ಪು ಕೊಟ್ಟ ಹಾಗೆ.
ರಿಜಿಸ್ಟರಿನಲ್ಲಿ ಸಹಿ ಹಾಕುವಾಗ
ಕೆಲವು ಸಲ ಕೈ ತಡೆಯುತ್ತದೆ:
ಬಹುವಚನದಲ್ಲಿ ಬರೆಯಬೇಕಿತ್ತೇನೋ.

ಆರು ತಿಂಗಳು.
ಮಾತ್ರೆಗೆ ಉಚ್ಚೆ ಕಿತ್ತಳೆಯಾದ ದಿನ
ಹೆದರಿ ಓಡಿ ಬಂದಿದ್ದ.
ಕೆಮ್ಮು ನಿಂತಿತಲ್ಲ ಎಂದು ನಡುವೆ ಹತ್ತು ದಿನ ಬರಲಿಲ್ಲ;
ಶಿವನಂಜಿ ಎಳೆದುಕೊಂಡು ಬಂದಳು, ಸೊಂಟದಲ್ಲಿ ಮಗು.
ಮಗುವಿಗೂ ಮಾತ್ರೆ, ಬರುವ ಮೊದಲೇ ತಡೆಯಲು.
ಎರಡನೇ ತಿಂಗಳ ಗಾಜಿನಲ್ಲಿ ಮೂರೇ ಕಡ್ಡಿ.
ಕೊನೆಯದನ್ನು ನೂರು ಸಲ ಸರಿಸಿ ನೋಡಿದೆ,
ನೀಲಿ, ನೀಲಿ, ಬರೀ ನೀಲಿ.
'ಹೋಯ್ತು' ಅಂದ ಅವನು.
'ಕಾಣಲಿಲ್ಲ' ಎಂದು ಬರೆದೆ ನಾನು.

ಹೊರಡುವಾಗ ಜೇಬು ತಡಕಿ
ಎರಡು ರೂಪಾಯಿ ಟೇಬಲ್ಲಿನ ಮೇಲಿಟ್ಟ.
'ಯಾವತ್ತಿಂದೋ ಬಾಕಿ ಇರ್ತದೆ, ಇಟ್ಕೊಳಿ ಅಕ್ಕ.'
ಎಷ್ಟು ಜನರ ಅಂಗೈ ಬಳಸಿ ಬಂದಿತ್ತೋ ಆ ನಾಣ್ಯ.
ಅವನು ಗೇಟು ದಾಟಿದ ಮೇಲೆ
ಸೋಪು ಹಚ್ಚಿ ಕೈ ತೊಳೆದೆ, ಅದು ಅಭ್ಯಾಸ.
ತೊಳೆದ ಕೈಯಿಂದಲೇ ಎತ್ತಿಕೊಂಡೆ.
ಇನ್ನೂ ಬೆಚ್ಚಗಿತ್ತು.