ಹಳದಿ ಉರಿ

ಮೂರು ದಿನದಿಂದ ಗೀಸರಿನ ಉರಿ ಹಳದಿ.
ನೀರು ಕಾಯ್ತದಲ್ಲ, ಇರಲಿ ಬಿಡು, ಎಂದವಳು ನಾನೇ.

ಧನಕವಡಿಯ ಕಾಳೋಖೆ ಬಂದ,
ಬಕೆಟ್ಟು ಬೋರಲು ಹಾಕಿ ಹತ್ತಿದ.
ಸ್ಕ್ರೂ ನಾಲ್ಕೂ ಬಾಯಲ್ಲಿ ಕಚ್ಚಿಕೊಂಡೇ
'ವಹಿನಿ, ಜುನಾ ಪೇಪರ್ ದ್ಯಾ' ಎಂದ.
ಮುಚ್ಚಳ ಬಿಚ್ಚಿದರೆ
ವರ್ಷದ ನಮ್ಮ ಸ್ನಾನವೆಲ್ಲ ಮಸಿಯಾಗಿ ಕೂತಿತ್ತು.

ಹೋದ ಸಲ ಅವನು ಒಯ್ದ ನನ್ನದೇ ಹಳೇ ಬ್ರಷ್ಷು
ಬರ್ನರಿನ ಒಂದೊಂದೇ ತೂತು ತಿಕ್ಕಿತು.
ಆರನೆಯದರಲ್ಲಿ ಜೇಡದ ಗೂಡು, ಬೆಳ್ಳಗೆ.
ಪಿನ್ನಿನಿಂದ ಎಳೆದು ಪೇಪರಿನ ಮೇಲಿಟ್ಟು
'ಬಾಡಿಗೆ ಕೊಡದವಳು' ಅಂದು ನಕ್ಕ.

ನಳಿಕೆಗೆ ಸೋಪಿನ ನೊರೆ ಹಚ್ಚಿ
ಉಸಿರು ಹಿಡಿದು ಕಾದ.
ಗುಳ್ಳೆ ಏಳಲಿಲ್ಲ.
ಹೊಸ ಸೆಲ್ ಎರಡು.
ಟಕ್ ಟಕ್ ಟಕ್—
ಸಾಲಿಗೆ ಸಾಲು ಅಗಸಿ ಹೂವಿನ ನೀಲಿ.

ಆಮೇಲೆ ಕಿಟಕಿ ನೋಡಿದ.
ಡಿಸೆಂಬರಿನ ಚಳಿಗೆಂದು ನಾನು ಅಂಟಿಸಿದ ರಟ್ಟು,
ನಾಲ್ಕು ಸುತ್ತು ಟೇಪು.
ಏನೂ ಅನ್ನಲಿಲ್ಲ. ಪರಪರ ಕಿತ್ತ.
ಮಡಚಿ ನನ್ನ ಕೈಗೆ ಕೊಟ್ಟ, ಬಿಲ್ಲು ಕೊಟ್ಟಂತೆ.

ಕಳೆದ ವಾರ ಮಗಳು ಮಿಂದು ಬಂದು
ತಲೆ ಸುತ್ತುತ್ತೆ ಅಂದಿದ್ದಳು.
ಉಣ್ಣದೆ ಓಡಾಡಿದರೆ ಇನ್ನೇನಾಗುತ್ತೆ, ಬೈದಿದ್ದೆ.

ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ತಾರೀಖು ಬರೆದು
ತಿರುಪು ಬಿಗಿದ, ಮುನ್ನೂರೈವತ್ತು ಎಣಿಸಿಕೊಂಡು ಹೋದ.

ಈಗ ಬಚ್ಚಲಲ್ಲಿ ಗಾಳಿಯೋ ಗಾಳಿ.
ಮಗಳು ಒಳಗೆ. ನಾನು ಬಾಗಿಲ ಹೊರಗೆ, ಟವೆಲು ಹಿಡಿದು.
ಚಿಲಕ ಹಾಕಬೇಡ ಅಂದಿದ್ದೇನೆ.
'ಅವ್ವಾ, ಥಂಡಿ!' ಕಿರುಚುತ್ತಾಳೆ.

ಕಿರುಚಲಿ.